ಗಾಳಿ ನುಗ್ಗುವಲ್ಲೆಲ್ಲ ಸೀಮೆಸುಣ್ಣ

ನಾವು ಗೌರವದಿಂದ ದೋನ್ಯಾ ಎಂದು ಕರೆಯುವ ಓತಿಲಿಯಾ ಚಿಗುವಾಯ್ ಅವರಿಗೆ ಎಪ್ಪತ್ತೊಂದು ವರ್ಷ. ಯಾವುದನ್ನೂ ಇದ್ದ ಹಾಗೇ ಬಿಡುವವರಲ್ಲ. ಗಡಿಯಾರ ನಿಂತರೆ ಬಿಚ್ಚಿ ಮೇಜಿನ ಮೇಲೆ ಹರಡುತ್ತಾರೆ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದಾಗ ಅದನ್ನು ವೈದ್ಯರ ಕೈಯಿಂದ ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, "ಈ ಬೆಳ್ಳಗಿರೋದು ಏನು? ಇದ್ಯಾಕೆ ಒಂದು ಕಡೆಗೆ ವಾಲಿದೆ?" ಎಂದು ಕೇಳಿದವರು. ಹದಿನೇಳನೆಯ ವಯಸ್ಸಿಗೆ ಚಿಲೋಯೆ ದ್ವೀಪದಿಂದ ಹಡಗು ಹತ್ತಿ ಬಂದು, ಕುರಿಯ ಉಣ್ಣೆ ಕತ್ತರಿಸುವ ತಂಡಗಳಿಗೆ ಮೂವತ್ತು ವರ್ಷ ಅಡುಗೆ ಮಾಡಿ ಹಾಕಿದರು. ಭೂಮಿಯ ದಕ್ಷಿಣ ತುದಿಗೆ ಹತ್ತಿರದ ಕೊಯಾಯ್ಕೆ ಊರಿನ ಮೇಲುಬೀದಿಯಲ್ಲಿರುವ ಹಲಗೆಯ ಮನೆ ಅವರ ಗಂಡ ರೊಸೆಂದೊ ಕಟ್ಟಿದ್ದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಮೇ ತಿಂಗಳಲ್ಲಿ ಚಳಿಗಾಲ ಬಂತೆಂದರೆ ಓತಿಲಿಯಾ ಮಲಗುವ ಕೋಣೆಯ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಹಳೆಯ ಕಂಬಳಿ ತುರುಕಿ, ಅಡುಗೆಮನೆಗೆ ಬಂದುಬಿಡುತ್ತಿದ್ದರು. ಸೆಪ್ಟೆಂಬರ್‌ವರೆಗೆ ಒಲೆಯ ಪಕ್ಕದ ಬೆಂಚೇ ಹಾಸಿಗೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಆದರೆ ಓತಿಲಿಯಾ ಉದ್ದನೆಯ ಹೆಂಗಸು, ಬೆಂಚು ಗಿಡ್ಡ. ಹನ್ನೊಂದು ಚಳಿಗಾಲ ಮಂಡಿ ಮಡಚಿಕೊಂಡೇ ಮಲಗಿದ್ದರು.

ಮನೆಯ ಗೋಡೆಗೂ ಸೂರಿಗೂ ಚಳಿ ತಡೆಯುವ ಪದರ ಹಾಕಿಸಲು ಸರ್ಕಾರದ ಸಹಾಯಧನ ಬಂದ ವರ್ಷ, ಅರ್ಜಿ ತುಂಬಿಸುವ, ಮನೆ ಅಳೆಯುವ ಕೆಲಸ ವಸತಿ ಕಚೇರಿಯಲ್ಲಿದ್ದ ನನ್ನ ಪಾಲಿಗೆ ಬಂತು.

"ನಂಗೆ ಕಾಲು ಚಾಚ್ಕೊಂಡು ಮಲಗ್ಬೇಕು ಮಗಳೇ, ಅಷ್ಟೇ. ಅದನ್ನೂ ಬರಿ," ಎಂದರು ಓತಿಲಿಯಾ.

"ಅದಕ್ಕೆ ಅರ್ಜೀಲಿ ಜಾಗ ಇಲ್ಲ, ದೋನ್ಯಾ."

"ಮತ್ತೆ ಯಾವುದಕ್ಕಿದೆ?"

"ಕೋಣೆ ಎಷ್ಟು ತಣ್ಣಗಿದೆ ಅನ್ನೋದಕ್ಕೆ. ಗುರುವಾರ ಬಂದು ಅಳೀತೀನಿ."

ಬರುವ ದಿನವನ್ನು ಮೊದಲೇ ತಿಳಿಸಬೇಕೆಂಬುದು ಕಚೇರಿಯ ನಿಯಮ. ತಪ್ಪಾದದ್ದು ಅಲ್ಲೇ. ಗುರುವಾರ ಹೋದಾಗ ಅವರ ಚಿಮಣಿ ಬೀದಿಯ ತುದಿಗೇ ಕಾಣುವಂತೆ ಹೊಗೆ ಉಗುಳುತ್ತಿತ್ತು. ಕೋಣೆಯ ಬಾಗಿಲು ಎರಡು ದಿನದಿಂದ ತೆರೆದೇ ಇತ್ತು. ನಾಲ್ಕೂ ಗೋಡೆಗೆ ಅವರೇ ನೇಯ್ದ ಕಂಬಳಿಗಳು. ಮೇಜಿನ ಮೇಲೆ ಬಿಸಿಬಿಸಿ ಕರಿದ ರೊಟ್ಟಿ, ಪಕ್ಕದಲ್ಲಿ ಮಾಟೆ ಎಂಬ ಎಲೆಯ ಕಷಾಯ. ಉಷ್ಣಮಾಪಕ ಇಪ್ಪತ್ತೊಂದು ಡಿಗ್ರಿ ತೋರಿಸಿತು. ಇಪ್ಪತ್ತೊಂದು ಎಂದೇ ಬರೆದುಕೊಂಡೆ.

ಎದುರು ಮನೆಯ ದೊನ್ ಎಲಿಸೆಯೊ ಅಂಗಿಯ ತೋಳು ಮಡಚಿ, ಬೆವರು ಒರೆಸುತ್ತ ಬಾಗಿಲು ತೆಗೆದ. ಅಲ್ಲಿ ಇಪ್ಪತ್ತನಾಲ್ಕು. ಆ ಬೀದಿಯ ಒಂದು ಮನೆಯೂ ತಣ್ಣಗಿರಲಿಲ್ಲ. ನಾನೂ ನದಿಯಾಚೆಯ ಹಳ್ಳಿಯಲ್ಲಿ ಅಂಥದೇ ಅಡುಗೆಮನೆಯಲ್ಲಿ ಬೆಳೆದವಳು. ನೆಂಟರು ಬರುತ್ತಾರೆಂದರೆ ಅಮ್ಮ ವಾರದ ಸೌದೆಯನ್ನು ಒಂದೇ ದಿನಕ್ಕೆ ಸುಡುತ್ತಿದ್ದಳು. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಅತಿ ತಣ್ಣಗಿದ್ದ ಮನೆ ಮೊದಲು ಬರುವಂತೆ ಪಟ್ಟಿ ಅಂಟಿಸಿದರು. ಸಹಾಯ ನಲವತ್ತು ಮನೆಗಳಿಗೆ. ಓತಿಲಿಯಾ ಅರವತ್ತಮೂರನೆಯವರು, ಎಲಿಸೆಯೊ ಎಪ್ಪತ್ತೊಂದನೆಯವನು.

"ನೋಡು ಓತಿ, ಕಾಗದದ ಪ್ರಕಾರ ನಮ್ಮ ಬೀದಿ ಸಮುದ್ರತೀರ ಆಗ್ಬಿಟ್ಟಿದೆ. ಬಾ, ಬಾಳೆಗಿಡ ನೆಡೋಣ," ಎಂದ ಎಲಿಸೆಯೊ.

ಓತಿಲಿಯಾ ನಗಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿ ಕೇಳಿದರು: "ಆ ನಿನ್ನ ಕಡ್ಡಿ ಏನನ್ನ ಅಳೆಯುತ್ತೆ? ನನ್ನ ಗೋಡೇನಾ, ನನ್ನ ಒಲೇನಾ?"

"ಆವತ್ತು ಒಲೇನೇ ಅಳೀತು, ದೋನ್ಯಾ."

"ಅಂದ್ರೆ ನಿನ್ನ ಚಳೀಲಿ ನಡುಗಿಸಿದ್ರೆ ನನ್ನ ಹೆಸರು ಮೇಲೆ ಬರ್ತಿತ್ತು?"

"ಹೌದು."

"ಥೂ, ಎಂಥ ಮರ್ಯಾದೆಗೆಟ್ಟ ಅರ್ಜಿ!"

ಆಮೇಲೆ ಎದ್ದು ಕೋಣೆಗೆ ಹೋಗಿ ಒಂದು ಕಂಬಳಿಯನ್ನು ಎತ್ತಿದರು. ಹಲಗೆಗಳ ಮೇಲೆಲ್ಲ ಸೀಮೆಸುಣ್ಣದ ಗುರುತು. ಸಣ್ಣ ಗಾಳಿಗೆ ಅಡ್ಡಗೆರೆ, ಜೋರು ಗಾಳಿಗೆ ಸುತ್ತು. ಹಿಂದಿನ ಚಳಿಗಾಲವಿಡೀ ಮೋಂಬತ್ತಿ ಹಿಡಿದು, ಜ್ವಾಲೆ ಬಾಗಿದಲ್ಲೆಲ್ಲ ಗುರುತು ಹಾಕಿದ್ದರಂತೆ. ಎಣಿಸಿದೆವು. ಇನ್ನೂರ ಹದಿನಾಲ್ಕು.

"ಚಳಿ ಎಲ್ಲಿಂದ ಬರುತ್ತೆ ಅಂತ ನೋಡೋಣ ಅನ್ನಿಸ್ತು," ಎಂದರು. "ಎಲ್ಲ ಕಡೆಯಿಂದಾನೂ ಬರುತ್ತೆ."

"ಇದನ್ನ ಆವತ್ತೇ ಯಾಕೆ ತೋರಿಸ್ಲಿಲ್ಲ?"

"ಮನೆಗೆ ಬಂದವರಿಗೆ ಯಾರಾದ್ರೂ ಮನೆ ತೂತು ತೋರಿಸ್ತಾರಾ?"

ಆಕ್ಷೇಪಣೆ ಸಲ್ಲಿಸಲು ಹತ್ತು ದಿನ ಇತ್ತು. ಬೀದಿಯ ಎಲ್ಲರದನ್ನೂ ನಾನೇ ಬರೆದೆ. ಮತ್ತೆ ಅಳೆಯಲು ಮೇಲಧಿಕಾರಿಯೇ ಬರುತ್ತಾರೆ ಎಂದು ಉತ್ತರ ಬಂತು. ಈ ಸಲ ಕೋಣೆಯ ಬಾಗಿಲು ಎಂದಿನಂತೆ ಮುಚ್ಚಿಯೇ ಇರಬೇಕು ಎಂದು ಓತಿಲಿಯಾಗೆ ಮೂರು ಬಾರಿ ಹೇಳಿದೆ. ಅವರು ಒಲೆಗೆ ಇನ್ನೊಂದು ಸೌದೆ ಹಾಕಿದರು. ಇನ್ನೊಂದು ಸಲ ಆ ಕೋಣೆ ಬೆಚ್ಚಗೆ ಕಂಡರೆ ಮುಂದೆ ಕೇಳಲು ದಾರಿಯೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹೋದೆವು. ಬಾಗಿಲ ಅಡಿಯಲ್ಲಿ ಕಂಬಳಿ ತುರುಕಿಯೇ ಇತ್ತು. ಅದನ್ನು ತೆಗೆದು ಒಳಗೆ ಹೋದರೆ ಮಂಚದ ಪಕ್ಕ ಮೂರು ಕುರ್ಚಿ, ಮೇಲೆ ಕುರಿಚರ್ಮ. ಓತಿಲಿಯಾ ಗಂಡನ ದಪ್ಪ ಕೋಟು ಹಾಕಿಕೊಂಡು ಬಂದು ಕೂತರು.

"ನೀವು ಅಡುಗೆಮನೇಲಿ ಇರಿ ಅಮ್ಮ, ಇಲ್ಲಿ ಹೆಪ್ಪುಗಟ್ಟಿ ಹೋಗ್ತೀರಿ," ಎಂದರು ಅಧಿಕಾರಿ.

"ಬಂದವರು ಚಳೀಲಿ ಕೂತ್ರೆ ನಾನೂ ಕೂರ್ತೀನಿ. ಮಾಟೆ ತಗೊಳ್ಳಿ, ಅದಾದ್ರೂ ಬಿಸಿ ಇದೆ."

ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಕೋಣೆಯ ನಡುವೆ ನಾಲ್ಕು ಡಿಗ್ರಿ. ಕಿಟಕಿಯ ಅಂಚಿನ ಲೋಟದಲ್ಲಿ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ. ಓತಿಲಿಯಾ ಅದನ್ನು ಬೆರಳಿಂದ ಒತ್ತಿ ಮುರಿದು, "ನಾಲ್ಕಿದ್ರೆ ಇದು ಹೆಪ್ಪುಗಟ್ಟಬಾರ್ದಲ್ಲ?" ಎಂದು ಕೇಳಿ, ಅಧಿಕಾರಿಯ ಕೈಯಿಂದ ಉಷ್ಣಮಾಪಕವನ್ನೇ ತೆಗೆದುಕೊಂಡರು. ಕಿಟಕಿಯಂಚಿನಲ್ಲಿ ಸೊನ್ನೆಗಿಂತ ಕೆಳಗೆ. ನೆಲದಲ್ಲಿ ಎರಡು. ಸೂರಿನ ಬಳಿ ಐದು. ಆಮೇಲೆ ಕಂಬಳಿ ತೆಗೆದಿದ್ದ ಗೋಡೆಯ ಮೇಲೆ ಸೀಮೆಸುಣ್ಣದ ಒಂದೊಂದೇ ಸುತ್ತಿನ ಬಳಿ ಅದನ್ನು ಹಿಡಿಯುತ್ತ ಹೋದರು. ಮೊದಮೊದಲು ಗಡಿಯಾರ ನೋಡುತ್ತಿದ್ದ ಅಧಿಕಾರಿ ಆಮೇಲೆ ಕೈಗವಸು ಬಿಚ್ಚಿ ಎಲ್ಲವನ್ನೂ ಬರೆದುಕೊಳ್ಳತೊಡಗಿದರು.

ಕಿಟಕಿಯಾಚೆಯಿಂದ ಎಲಿಸೆಯೊ ಕೂಗಿದ: "ಬೇಗ ನನ್ನ ಮನೇಗೂ ಬನ್ನಿ ಸಾರ್! ಒಲೇನೇ ಆರಿಸಿ ಕೂತಿದೀನಿ. ನಿನ್ನೆಯಿಂದ ಹೆಂಡತಿ ಮಾತಾಡ್ತಿಲ್ಲ!"

ಹೊಸ ಪಟ್ಟಿಯಲ್ಲಿ ಓತಿಲಿಯಾ ಒಂಬತ್ತನೆಯವರಾದರು. ಎಲಿಸೆಯೊ ಮೂವತ್ತೆಂಟರಲ್ಲಿ ನುಸುಳಿದ. ಬೇಸಿಗೆಯಲ್ಲಿ ಕೆಲಸ ಮುಗಿಯಿತು.

ಮರುವರ್ಷ ಜೂನ್‌ನಲ್ಲಿ ಹೋದಾಗ ಅಡುಗೆಮನೆಯ ಬೆಂಚಿನ ತುಂಬ ತೊಳೆದ ಉಣ್ಣೆ ಹರಡಿತ್ತು. ಓತಿಲಿಯಾ ಕೋಣೆಯಲ್ಲಿ ಮೋಂಬತ್ತಿ ಹಿಡಿದು ನಿಂತಿದ್ದರು. ಹೊಸ ಗೋಡೆಯ ಉದ್ದಕ್ಕೂ ಜ್ವಾಲೆ ನೆಟ್ಟಗೆ ನಿಂತಿತ್ತು. ಮೂಲೆಯ ಪುಟ್ಟ ಜಾಲರಿಯ ಬಳಿ ಮಾತ್ರ ಬಾಗಿತು.

"ಇದೊಂದನ್ನ ಬೇಕಂತಲೇ ಬಿಟ್ಟಿದಾರೆ, ಒಳಗಿನ ತೇವ ಹೋಗಕ್ಕೆ. ಎಲಿಸೆಯೊ ತನ್ನದಕ್ಕೆ ಕಾಲ್ಚೀಲ ತುರುಕಿದಾನೆ. ಹೋಗಿ ನೋಡು, ಗೋಡೆ ಹೆಂಗೆ ಬೆವರ್ತಿದೆ!"

"ನಿದ್ದೆ ಹೆಂಗಿದೆ, ದೋನ್ಯಾ?"

"ಈ ಸಲ ಒಂದು ದಿನಾನೂ ಮಂಡಿ ಮಡಚಿಲ್ಲ," ಎಂದವರೇ ಮಂಚದ ತಲೆಯ ಕಡೆ ತೋರಿಸಿದರು. ಅಲ್ಲೊಂದು ಹೊಸ ಉಷ್ಣಮಾಪಕ, ಕೆಳಗೆ ಮರದ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಅಂಕಿ. ಹದಿನೇಳು, ಹದಿನೇಳು, ಹದಿನಾರು.

"ಭಾನುವಾರ ಮಾತ್ರ ಒಂದು ಕಮ್ಮಿ. ಪ್ರತಿ ಭಾನುವಾರಾನೂ. ಯಾಕೆ?"

"ಗೊತ್ತಿಲ್ಲ," ಎಂದೆ.

"ಓದಿದವಳು ನೀನೂ ಹಂಗಂದ್ರೆ ಹೆಂಗೆ? ಕೂತ್ಕೋ, ನೀರು ಕಾಯ್ತಿದೆ," ಎಂದು ಮಂಚದ ಮೇಲೆಯೇ ನನಗೆ ಜಾಗ ಮಾಡಿಕೊಟ್ಟರು.