ಬಿಸಿನೀರಿಗೆ ಹಾಕಿದ ಹೊದಿಕೆ

ಕಳೆದ ಭಾನುವಾರ ಬೆಳಿಗ್ಗೆ ಮೂಡಿಗೆರೆಯ ನನ್ನ ಅಣ್ಣನ ಮನೆಯಲ್ಲಿ ಮಗುವಿನ ಉಣ್ಣೆಯ ಹೊದಿಕೆಯೊಂದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ ಬಿಸಿನೀರಿನಲ್ಲಿ ಒಗೆಯಲಾಯಿತು. ಹೊದಿಕೆ ಕೊಳೆಯಾಗಿರಲಿಲ್ಲ. ಅದರ ಮೇಲೆ ಯಾರೂ ಏನನ್ನೂ ಚೆಲ್ಲಿರಲಿಲ್ಲ. ಮಗು ಒದ್ದೆ ಮಾಡಿರಲಿಲ್ಲ; ಮಗುವಿನ ಮೈಗೆ ಅದಿನ್ನೂ ತಾಗಿಯೇ ಇರಲಿಲ್ಲ. ಅದರ ಕೊನೆಯ ಸಾಲು ಮುಗಿದದ್ದು ಅದೇ ಬೆಳಿಗ್ಗೆ, ಬಾಳೂರಿನಿಂದ ಹೊರಟ ಜೀಪಿನಲ್ಲಿ.

ಹಾಗಾದರೆ ಒಗೆದದ್ದೇಕೆ?

ಹೊದಿಕೆ ಹೆಣೆದವಳು ನನ್ನ ಅಕ್ಕ ಲಲಿತಾ. ಭಾವ ಬಾಳೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಇಬ್ಬರೂ ಅಲ್ಲಿಯ ಕ್ವಾರ್ಟರ್ಸ್‌ನಲ್ಲಿದ್ದಾರೆ. ಮಕ್ಕಳಿಲ್ಲ. ನಮ್ಮ ಕುಟುಂಬದಲ್ಲಿ ಯಾವ ಮಗು ಹುಟ್ಟಿದರೂ ತೊಟ್ಟಿಲಿಗೆ ಹಾಸುವ ಹೊದಿಕೆ ಬರುವುದು ಅಕ್ಕನ ಕ್ರೋಶಾ ಕಡ್ಡಿಯಿಂದಲೇ. ಸ್ವೆಟರ್, ಟೋಪಿ, ಕಾಲುಚೀಲ ಲೆಕ್ಕಕ್ಕಿಲ್ಲ, ಅವು ಜೊತೆಗೆ ಬರುವಂಥವು. ಈ ಸಲದ್ದು ಅಣ್ಣನ ಮಗಳು ರಮ್ಯಾಳ ಮೊದಲ ಮಗುವಿಗೆ. ರಮ್ಯಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಭಾನುವಾರ ತೊಟ್ಟಿಲು ಶಾಸ್ತ್ರ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ತೊಟ್ಟಿಲಿನೊಳಗೆ ಹೊಸ ಬಟ್ಟೆ ಹಾಸುವಂತಿಲ್ಲ. ಯಾರಾದರೂ ಉಟ್ಟ, ಹೊದ್ದ ಬಟ್ಟೆಯೇ ಆಗಬೇಕು. ಅಜ್ಜಿಯ ಮೆತ್ತನೆಯ ಸೀರೆಯಿದ್ದ ಕಾಲಕ್ಕೆ ಇದರಲ್ಲಿ ತೊಡಕಿರಲಿಲ್ಲ. ಅಕ್ಕನ ಹೊದಿಕೆಗಳು ಬಂದ ಮೇಲೆ ಒಂದು ಉಪಾಯ ಹುಡುಕಿದರು. ಹೊದಿಕೆಯನ್ನು ಮೊದಲೇ ತರಿಸಿಕೊಂಡು, ಮಕ್ಕಳೊಂದಿಗರೊಬ್ಬರು ನಾಲ್ಕಾರು ರಾತ್ರಿ ಹೊದ್ದು ಮಲಗುವುದು. ಅಲ್ಲಿಗೆ ಅದು 'ಹಳತಾಯಿತು'. ಆಮೇಲೆ ಹೊದ್ದವರೇ ಅದನ್ನು ತೊಟ್ಟಿಲಿಗೆ ಹಾಸುತ್ತಾರೆ, ಹಾಡು ಹೇಳುತ್ತಾರೆ, ಫೋಟೊದಲ್ಲಿ ನಿಲ್ಲುತ್ತಾರೆ.

ಮಕ್ಕಳಿಲ್ಲದವರು ಹೊದೆಯುವಂತಿಲ್ಲ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳಬೇಕಾದ ಪ್ರಸಂಗವೇ ಬಂದಿಲ್ಲ. ತೊಟ್ಟಿಲು ತೂಗುವ ಹೊತ್ತಿಗೆ ಅಕ್ಕನಿಗೆ ಯಾವಾಗಲೂ ಅಡುಗೆಮನೆಯಲ್ಲಿ ಕೆಲಸವಿರುತ್ತದೆ. (ಅಷ್ಟು ಜನ ಅಡುಗೆಯವರನ್ನು ಕರೆಸಿದ್ದರೂ!)

ಅವಳ ಕೈಕೆಲಸಕ್ಕೆ ಹೊಗಳಿಕೆಯ ಕೊರತೆ ಮಾತ್ರ ಎಂದೂ ಆಗಿಲ್ಲ. 'ಎಷ್ಟು ಚೆಂದ!' 'ಪೇಷನ್ಸ್ ಬೇಕಪ್ಪ!' ಆಮೇಲೆ ತಪ್ಪದೆ ಬರುವ ಮೂರನೆಯದು: 'ನಿಂಗೆ ಬಿಡು ಮಾರಾಯ್ತಿ, ಟೈಮ್ ಇರುತ್ತೆ.' ಈ ಟೈಮ್ ಎಂಬುದು ಎಲ್ಲಿಂದ ಬರುತ್ತದೆ ಎಂದು ಹೇಳುವವರಿಗೂ ಗೊತ್ತು, ಕೇಳುವವಳಿಗೂ ಗೊತ್ತು.

ಈ ಸಲ ಒಂದು ವ್ಯತ್ಯಾಸವಿತ್ತು. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ರಮ್ಯಾ ತಾನಾಗಿಯೇ ಅಕ್ಕನಿಗೆ ಫೋನ್ ಮಾಡಿದ್ದಳು. "ಅತ್ತೆ, ಈ ಸಲ ತೊಟ್ಟಿಲಿಗೆ ನೀವೇ ಹಾಸ್ಬೇಕು. ಬೇರೆ ಯಾರೂ ಬೇಡ. ನಾನು ಅಮ್ಮನಿಗೆ ಹೇಳ್ತೀನಿ."

ಇದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದಳೋ! ನಾನು ಊಟಿಗೆ ಹೊರಟಿದ್ದಾಗ ಶುದ್ಧ ಉಣ್ಣೆಯ ನೂಲು ತಂದುಕೊಡು ಎಂದಳು. ಮೂಡಿಗೆರೆಯಲ್ಲಿ ಸಿಗುವ ಉಲ್ಲನ್ ಎಳೆಮೈಗೆ ಒರಟು ಎಂದು ಅವಳ ಅಭಿಪ್ರಾಯ. ತಂದುಕೊಟ್ಟೆ. ಹಾಲಿನ ಕೆನೆಯಂಥ ಬಣ್ಣ. ಕೆಲಸ ತಡವಾಯಿತು, ಏಕೆಂದರೆ ಅಂಚು ಸರಿಬರಲಿಲ್ಲವೆಂದು ಎರಡು ಸಲ ಬಿಚ್ಚಿದಳು. ಹಿಂದೆಂದೂ ಬಿಚ್ಚಿದವಳಲ್ಲ.

ಹಾಗಾಗಿ ಹೊದಿಕೆ ಭಾನುವಾರವೇ ಮನೆ ತಲುಪಿತು. ಅಂದರೆ, ಹೊದ್ದು ಹಳತು ಮಾಡಲು ಯಾರಿಗೂ ರಾತ್ರಿಗಳು ಸಿಕ್ಕಿರಲಿಲ್ಲ.

ಅತ್ತಿಗೆ ಅದನ್ನು ಬಿಡಿಸಿ ನೋಡಿದರು. ಚಿಕ್ಕಮಗಳೂರಿನಿಂದ ಬಂದಿದ್ದ ಬೀಗಿತ್ತಿಗೂ ತೋರಿಸಿದರು. ಬೀಗಿತ್ತಿಯದು ದೊಡ್ಡ ತೋಟದ ಮನೆ, ಮಾತು ಕಡಿಮೆ. "ಚೆನ್ನಾಗಿದೆ" ಎಂದರು.

"ಚೆನ್ನಾಗೇನೋ ಇದೆ," ಎಂದರು ಅತ್ತಿಗೆ. "ಆದ್ರೆ ಎಂತ ಮಾಡೋದು ಲಲಿತಾ, ಹೊಸದಲ್ವಾ? ಇವತ್ತೇ ಬಂದಿದ್ದು. ತೊಟ್ಟಿಲಿಗೆ ಹಾಸೋ ಹಾಗಿಲ್ಲ. ನಾಲ್ಕು ದಿನ ಮುಂಚೆ ಕಳಿಸಿದ್ರೆ ನಮ್ಮಮ್ಮ ಹೊದೀತಿದ್ರು."

ರಮ್ಯಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಂಚದ ಮೇಲಿದ್ದಳು. "ಅಮ್ಮಾ, ಅತ್ತೆ ಹಾಸ್ಲಿ ಬಿಡು" ಎಂದಳು. ಒಂದೇ ಸಲ. ಬೀಗಿತ್ತಿ ಅವಳತ್ತ ನೋಡಿದರು. ರಮ್ಯಾ ಮಗುವಿನ ಟೋಪಿ ಸರಿಮಾಡತೊಡಗಿದಳು. ಟೋಪಿ ಸರಿಯಾಗಿಯೇ ಇತ್ತು.

ನನಗೆ ಸುಮ್ಮನಿರಲಾಗಲಿಲ್ಲ. ಸುದ್ದಿಮನೆಯಲ್ಲಿ ಇಷ್ಟು ವರ್ಷ ಕಳೆದವನಿಗೆ ವಿವರ ತಪ್ಪಾದರೆ ತಿದ್ದುವ ಚಟ. ನಾನೆಂದೆ: "ಅತ್ತಿಗೆ, ಅದು ಹೊಸದಲ್ಲ. ಕೊಯ್ಲು ಶುರುವಾದಾಗಿಂದ ಅಕ್ಕನ ಮಡಿಲ ಮೇಲೇ ಇದೆ."

ಇದು ಅಲಂಕಾರದ ಮಾತಲ್ಲ, ನಿಜಸಂಗತಿ. ಕ್ರೋಶಾ ಹಾಕುವವರನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ಮೊದಲು ಅಂಗೈಯಗಲ ಇರುತ್ತದೆ. ಸಾಲು ಸೇರಿದಂತೆ ಅದು ಮಡಿಲಿಗೆ ಇಳಿಯುತ್ತದೆ, ತೊಡೆ ಮುಚ್ಚುತ್ತದೆ, ಮಂಡಿ ದಾಟುತ್ತದೆ. ಧನುರ್ಮಾಸದ ಬಾಳೂರಿನ ಚಳಿಯಲ್ಲಿ, ಭಾವ ಕೂಲಿಯವರ ಹಾಜರಿ ಮುಗಿಸಿ ಬರುವವರೆಗೆ, ಅಕ್ಕ ದಿನಾ ಕೂತದ್ದು ಆ ಹೊದಿಕೆಯ ಕೆಳಗೇ. ಹೆಣೆಯುವುದೆಂದರೆ ಹೊದೆಯುವುದೂ ಹೌದು. ನಮ್ಮ ಕುಟುಂಬದ ಅಷ್ಟೂ ಹೊದಿಕೆಗಳನ್ನು ಮೊದಲು ಹೊದ್ದವಳು ಅಕ್ಕನೇ. ಉಳಿದವರು ಹಳತು ಮಾಡಿದ್ದು, ಆಗಲೇ ಹಳತಾಗಿದ್ದನ್ನು.

ನಾನು ವಾದ ಗೆದ್ದೆ ಎಂದುಕೊಂಡೆ. ಪದ್ಧತಿಗೆ ಹಳತು ಬೇಕು, ಇದು ಹಳತು. ಇನ್ನೇನು ಉಳಿಯಿತು?

ಅತ್ತಿಗೆಯ ಕೈ ಹೊದಿಕೆಯ ಮೇಲಿತ್ತು. ಅದನ್ನು ಅವರು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

"ಹೌದಲ್ವಾ," ಎಂದರು. "ಅದನ್ನ ನಾನು ಯೋಚನೆಯೇ ಮಾಡಿರಲಿಲ್ಲ ನೋಡು." ಬೀಗಿತ್ತಿಯ ಮುಖ ನೋಡಿದರು. "ಹಾಗಾದ್ರೆ ಒಂದ್ಸಲ ಒಗೆದೇ ಹಾಸೋಣ. ಹೈಜೀನ್ ನೋಡಬೇಕಲ್ಲ ಈಗ. ಎಳೇ ಕೂಸು."

ಹೈಜೀನ್! ನಲವತ್ತು ವರ್ಷದ ಹಿಂದಾಗಿದ್ದರೆ ಇದಕ್ಕೆ ಬೇರೆ ಶಬ್ದವಿತ್ತು. ಅದನ್ನು ಆಡಿದವರನ್ನು ಇವತ್ತು ನಾವು ಹಳೇ ಕಾಲದವರು ಎಂದು ಬೈಯಬಹುದಿತ್ತು. ಹೈಜೀನ್ ಎಂದವರನ್ನು ಏನೆಂದು ಬೈಯುವುದು? ಡಿಗ್ರಿ ಓದಿದವರ ಮನೆಗಳಲ್ಲಿ ಪದ್ಧತಿಗಳು ಸಾಯುವುದಿಲ್ಲ, ಇಂಗ್ಲಿಷ್ ಕಲಿಯುತ್ತವೆ.

"ಅತ್ತಿಗೆ, ಪ್ಯೂರ್ ಉಲ್ಲನ್ ಅದು," ಎಂದಳು ಅಕ್ಕ. "ಬಿಸಿನೀರು ತಾಗಿಸ್ಬಾರ್ದು. ತಣ್ಣೀರಲ್ಲಿ ನಾನೇ ಅದ್ದಿ ತೆಗೀತೀನಿ, ಕೊಡಿ."

"ಅದು ಒಣಗೋದು ಯಾವಾಗ? ನೀನು ಕೂತ್ಕೊ ಮಾರಾಯ್ತಿ. ಈಗಿನ ಮೆಷಿನ್ ಇರೋದೇ ಅದಕ್ಕೆ. ಬೇಬಿ ಕೇರ್ ಅಂತಲೇ ಬಟನ್ ಇದೆ."

"ಒಗೆಯೋದು ಎಂತಕ್ಕೆ ಅತ್ತಿಗೆ?" ಎಂದೆ ನಾನು.

"ನೀನು ಅದೆಲ್ಲಾ ಪೇಪರಲ್ಲಿ ಬರಿ ಮಾರಾಯ. ಇಲ್ಲಿ ಮುಹೂರ್ತ ಮೀರುತ್ತೆ."

ಬೇಬಿ ಕೇರ್ ಬಟನ್ ಒತ್ತಿದರೆ ಆ ಮೆಷಿನ್ ನೀರನ್ನು ಚೆನ್ನಾಗಿ ಕಾಯಿಸುತ್ತದೆ. ಹತ್ತಿ ಬಟ್ಟೆಯ ರೋಗಾಣು ಸಾಯಲಿ ಎಂದು ಮಾಡಿದ್ದು. ಉಣ್ಣೆಯ ವಿಷಯ ಅದಕ್ಕೆ ಗೊತ್ತಿಲ್ಲ. ಒಗೆದು, ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸಿ ಹೊರತೆಗೆದಾಗ ಹೊದಿಕೆ ಕೈಒರೆಸುವ ಟವೆಲಿನಷ್ಟಾಗಿತ್ತು. ದಪ್ಪ, ಬಿರುಸು. ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಎರಡು ಸಲ ಬಿಚ್ಚಿ ಹಾಕಿದ ಅಂಚು ಸುರುಟಿಕೊಂಡಿತ್ತು.

"ಅಯ್ಯೋ, ಇದೆಂತದು ಇಷ್ಟೇ ಆಯ್ತು!" ಎಂದರು ಅತ್ತಿಗೆ. ಬೇಸರ ನಿಜವಾಗಿಯೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಅದು ಬಹಳ ಹೊತ್ತು ಬಾಳಲಿಲ್ಲ. "ಊಟಿ ಅಂತ ಹೇಳಿ ಯಾವುದೋ ಡೂಪ್ಲಿಕೇಟ್ ಉಲ್ಲನ್ ಕೊಟ್ಟಿದಾರೆ ನಿಂಗೆ."

ಇದು ನನಗೆ ಹೇಳಿದ್ದು. ಡೂಪ್ಲಿಕೇಟ್ ಉಲ್ಲನ್ ಆಗಿದ್ದರೆ ಕುಗ್ಗುತ್ತಿರಲಿಲ್ಲ. ಅಸಲಿಯಾದ್ದರಿಂದ ಕುಗ್ಗಿತು. ಅವತ್ತಿನ ಮಟ್ಟಿಗೆ ನಿಜಸಂಗತಿ ಹೇಳಿ ಸಾಕಾಗಿತ್ತು.

ಅಕ್ಕ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅದು ಹಿಗ್ಗಲಿಲ್ಲ. ಮಡಿಚಿ ತನ್ನ ಚೀಲಕ್ಕೆ ಹಾಕಿಕೊಂಡು ಅಡುಗೆಮನೆಗೆ ಹೋದಳು.

ತೊಟ್ಟಿಲಿಗೆ ಏನು ಹಾಸಿದರು? ಬೀಗಿತ್ತಿ ತಂದಿದ್ದ ಅಂಗಡಿಯ ಹೊದಿಕೆ. ಗುಲಾಬಿ ಬಣ್ಣ, ಕರಡಿಮರಿಯ ಚಿತ್ರ. ಪ್ಲಾಸ್ಟಿಕ್ ಚೀಲದಿಂದ ನನ್ನ ಕಣ್ಣೆದುರೇ ತೆಗೆದರು. ಬೆಲೆಚೀಟಿಯನ್ನು ಅಣ್ಣನೇ ಬ್ಲೇಡಿನಿಂದ ಕತ್ತರಿಸಿದ. ಅದನ್ನು ಯಾರು ಹೊದ್ದು ಹಳತು ಮಾಡಿದ್ದರು? ಯಾರೂ ಇಲ್ಲ. ಒಗೆದಿದ್ದರೇ? ಇಲ್ಲ. ಯಾವ ಊರಿನ ಯಾವ ಕಾರ್ಖಾನೆಯಲ್ಲಿ ಯಾರ ಕೈ ದಾಟಿ ಬಂದದ್ದು, ಆ ಕೈಗಳಿಗೆ ಮಕ್ಕಳಿದ್ದವೇ? ಯಾರೂ ಕೇಳಲಿಲ್ಲ. ಹೊಸದು ತಾಗಬಾರದೆಂಬ ಪದ್ಧತಿಯೂ ಯಾರಿಗೂ ನೆನಪಾಗಲಿಲ್ಲ. ಬೀಗಿತ್ತಿ ಹಾಸಿದರು, ಅತ್ತಿಗೆ ಹಾಡು ಎತ್ತಿಕೊಟ್ಟರು, ಫೋಟೊ ಆಯಿತು.

ನಿಯಮವೆಂದರೆ ಎಲ್ಲರಿಗೂ ಅನ್ವಯಿಸುವಂಥದ್ದು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಮನೆಯಲ್ಲಿ ಅದು ಒಬ್ಬರಿಗೆ ಮಾತ್ರ ಅನ್ವಯಿಸಿದರೂ ಸಾಕು. ಆ ಒಬ್ಬರು ಅಡುಗೆಮನೆಯಲ್ಲಿದ್ದರೆ ಸರಿ.

ಸಂಜೆ ಅಕ್ಕ, ಭಾವನನ್ನು ಬಾಳೂರಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಭಾವ ಮೆಣಸಿನ ರೇಟಿನ ಬಗ್ಗೆ ಮಾತಾಡಿದರು. ಕ್ವಾರ್ಟರ್ಸ್ ಹತ್ತಿರ ಬಂದಾಗ ಅಕ್ಕ ಹಿಂದಿನ ಸೀಟಿನಿಂದ ಕೇಳಿದಳು: "ನೀನ್ಯಾಕೋ ಬಾಯಿ ಹಾಕಿದೆ?"

"ನಿನ್ನ ಪರವಾಗಿ ಅಲ್ವೇನೇ?"

"ಹೊಸದು ಅಂತ ಪಕ್ಕಕ್ಕಿಡ್ತಿದ್ರು, ಅಷ್ಟೇ ತಾನೇ? ನಾಲ್ಕು ದಿನ ಬಿಟ್ಟು ಕೂಸಿಗೆ ಹೊದೆಸ್ತಿದ್ರು. ಚಳಿ ಇದೆ."

ಗಾಡಿ ನಿಲ್ಲಿಸಿ ಅವಳ ಚೀಲ ಇಳಿಸಿಕೊಟ್ಟೆ.

ಬುಧವಾರ ರಮ್ಯಾ ಅಕ್ಕನಿಗೆ ಫೋನ್ ಮಾಡಿದ್ದಳಂತೆ. ಅತ್ತಳಂತೆ. ಆಮೇಲೆ ಇನ್ನೊಂದು ಹೊದಿಕೆ ಬೇಕು ಎಂದಳಂತೆ, ಈ ಸಲ ಮೆಷಿನ್ನಿಗೆ ಹಾಕುವಂಥ ಉಲ್ಲನ್ನಿನಲ್ಲಿ. "ನೀವು ತಗೊಂಡು ಬರೋ ತೊಂದರೆ ಬೇಡ ಅತ್ತೆ, ಬಸ್ಸಲ್ಲಿ ಕೊಟ್ಟುಬಿಡಿ. ಅಪ್ಪ ಸ್ಟ್ಯಾಂಡಿಗೆ ಹೋಗಿ ಇಳಿಸ್ಕೊಳ್ತಾರೆ" ಎಂದಳಂತೆ.

ಇಷ್ಟನ್ನೂ ನನಗೆ ಹೇಳಿದವರು ಭಾವ. ನಿನ್ನೆ ಬೆಳಿಗ್ಗೆ ನಾನು ಬಾಳೂರಿಗೆ ಫೋನ್ ಮಾಡಿದಾಗ ಎತ್ತಿದವರು ಅವರೇ. ಅಕ್ಕ ಎಲ್ಲಿ ಎಂದು ಕೇಳಿದೆ. ಉಲ್ಲನ್ ತರಲು ಮೊದಲ ಬಸ್ಸಿಗೇ ಮೂಡಿಗೆರೆಗೆ ಹೋಗಿದ್ದಾಳೆ ಎಂದರು.