ಎರಡು ಮುಲಾಮು

ಅಮರಪ್ಪನ ಊರು ದೇವದುರ್ಗದ ಕಡೆ. ಅಲ್ಲಿ ಮುಲಾಮು ಅಂದರೆ ಎರಡು. ಗಾಯಕ್ಕೆ ಹಚ್ಚುವ ಮದ್ದೂ ಮುಲಾಮೇ, ಹಿತ್ತಾಳೆಗೆ ಕುಡಿಸುವ ಬಂಗಾರದ ನೀರೂ ಮುಲಾಮೇ. ಪೀಣ್ಯದ ಪ್ಲೇಟಿಂಗ್ ಶೆಡ್ಡಿನಲ್ಲಿ ಎರಡನೆಯದು ಅವನ ಕೆಲಸ. ಮೊದಲನೆಯದು ಹೆಂಡತಿ ಬಸಕ್ಕನ ಪಾಲಿಗೆ ಬಂದಿತ್ತು.

ಹಾಡು ಕೇಳುವ ಕೇಬಲ್ಲಿನ ತುದಿಯಲ್ಲಿ ಪಿನ್ನು ಇರುತ್ತದಲ್ಲ, ಅದಕ್ಕೆ ಮೊದಲು ನಿಕಲ್, ಅದರ ಮೇಲೆ ಬಂಗಾರ. ನಿಕಲ್ಲಾಗಿ ತೊಳೆದು ಬಂದ ಪಿನ್ನುಗಳನ್ನು ಬಂಗಾರದ ತೊಟ್ಟಿಗೆ ಇಳಿಸಲು ತಂತಿಗೆ ಪೋಣಿಸುವವಳು ಬಸಕ್ಕ. ನಿಕಲ್ ಅವಳ ಮೈಗೆ ಆಗಲಿಲ್ಲ. ಬೆರಳ ಸಂದಿಯಲ್ಲಿ ತುರಿಕೆ ಎದ್ದು, ಗುಳ್ಳೆಯಾಗಿ, ಹೆಬ್ಬೆಟ್ಟಿನ ತನಕ ಚರ್ಮ ಸೀಳಿತು. ಗ್ಲೌಸು ಹಾಕಿದರೆ ಬೆವರಿಗೆ ಇನ್ನಷ್ಟು ಉರಿ. ಡಾಕ್ಟರು ಕೆಲಸ ಬಿಡು ಅಂದರು. ಬಿಡುವುದೆಂತು? ಗಂಡ ಹೆಂಡತಿ ಇಬ್ಬರೂ ದುಡಿದರಷ್ಟೇ ಇರಲು ಶೆಡ್ಡಿನ ಹಿಂದಿನ ಕೋಣೆ. ಇವಳಿಗಿಂತ ಮುಂಚೆ ಪೋಣಿಸುತ್ತಿದ್ದ ಹೊಳೆವ್ವನ ಕೈ ಕೆಟ್ಟಿದ್ದು ಕಂಡ ದಿನವೇ ಮಾಲೀಕ ನರಸಿಂಹಯ್ಯ ಅವಳನ್ನು ಊರಿನ ಬಸ್ಸು ಹತ್ತಿಸಿದ್ದ. ಅದಕ್ಕೇ ಬಸಕ್ಕ ಯಾರಾದರೂ ಬಂದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

"ನಿಮ್ಮ ಮುಲಾಮು ಹಿಡೀತದ, ನನ್ನ ಮುಲಾಮು ಹಿಡಿವಲ್ದು ನೋಡ್ರಿ," ಎಂದು ಗಂಡನೆದುರು ನಗುತ್ತಲೂ ಇದ್ದಳು.

ಹೀಗಿರುವಾಗ ಮಹದೇವಪುರದ ರಾಜೇಂದ್ರ ಬಂದ. ಕೇಬಲ್ ಮಾಡಿ ಮಾರುವವನು, ಕಿವಿ ಸೂಕ್ಷ್ಮದವನು. ಬೆಳ್ಳಿಯಾದರೆ ದನಿ ತೆರೆದುಕೊಳ್ಳುತ್ತದೆ, ಆದರೆ ಕಪ್ಪಾಗುತ್ತದೆ. ಬಂಗಾರ ಬಾಳುತ್ತದೆ, ಆದರೆ ಅಡಿಯ ನಿಕಲ್ ದನಿಯನ್ನು ಒರಟು ಮಾಡುತ್ತದೆ ಎಂಬುದು ಅವನ ಚಿಂತೆ. ನಿಕಲ್ ಇಲ್ಲದೆ ತಾಮ್ರದ ಪಿನ್ನಿನ ಮೇಲೇ ಬಂಗಾರ ಕೊಟ್ಟರೆ ಹೇಗೆ ಎಂದು ಕೇಳಿದ. ತಾಮ್ರ ಬಂಗಾರವನ್ನು ಒಳಗೊಳಗೇ ನುಂಗುತ್ತದೆ, ಬೇಡ ಎಂದ ನರಸಿಂಹಯ್ಯ. ರಾಜೇಂದ್ರ ಅಮರಪ್ಪನ ಕಿವಿಗೇ ಹೆಡ್‌ಫೋನ್ ಹಾಕಿ, ನಿಕಲ್ ಇರುವ ಮತ್ತು ಇಲ್ಲದ ಎರಡು ಕೇಬಲ್ಲಿನಲ್ಲೂ ಒಂದೇ ಹಾಡು ಕೇಳಿಸಿದ. ಅಮರಪ್ಪನಿಗೆ ಎಳ್ಳಷ್ಟೂ ವ್ಯತ್ಯಾಸ ಕೇಳಲಿಲ್ಲ. ಆದರೆ ತಾಮ್ರವೆಂದರೆ ಬಸಕ್ಕನ ಕೈಗೆ ನಿಕಲ್ ಇಲ್ಲ.

"ನಿಕಲ್ ಬ್ಯಾಡ್ರಿ ಸರ," ಎಂದುಬಿಟ್ಟ. "ದನಿ ಒರಟ ಆಗ್ತದ."

ರಾಜೇಂದ್ರನಿಗೆ ಆನಂದವಾಯಿತು. ನಿನ್ನ ಪ್ಲೇಟರ್‌ಗಿರುವ ಕಿವಿ ನಿನಗಿಲ್ಲವಲ್ಲ ಗುರು ಎಂದು ನರಸಿಂಹಯ್ಯನನ್ನು ಕಿಚಾಯಿಸಿ, ತಾಮ್ರದ ಪಿನ್ನುಗಳ ಮೊದಲ ಕಂತು ಮಾಡಿಸಿದ. ಅದು ಬಾಳಿಕೆ ಬಂದರೆ ಮುಂದೆ ಎಲ್ಲವೂ ಹಾಗೇ ಎಂದ.

ಬಸಕ್ಕನ ಬೆರಳಲ್ಲಿ ಎಳೇ ಚರ್ಮ ಬರತೊಡಗಿತು. ವಾಸಿಯಾಗುವ ಆಸೆಗೆ ಅವಳು ಹಗಲೂ ಮುಲಾಮು ಸವರಿಕೊಂಡು ಪೋಣಿಸಿದಳು. ಅಮರಪ್ಪ ನೋಡಿದ್ದ. ಆ ಬೆರಳು ನೋಡುವ ಸಂತೋಷದಲ್ಲಿ ಜಿಡ್ಡನ್ನು ನೋಡಲಿಲ್ಲ.

ಕಂತು ವಾಪಸ್ಸು ಬಂತು. ರಾಜೇಂದ್ರ ಪಿನ್ನುಗಳನ್ನು ಮೇಜಿನ ಮೇಲೆ ಸುರಿದ. ಒಂದೊಂದರಲ್ಲೂ ಬಂಗಾರ ಒಂದೇ ಕಡೆ ಸಿಪ್ಪೆಯಂತೆ ಎದ್ದಿತ್ತು. ತಾಮ್ರದ ಹಣೆಬರಹವೇ ಇಷ್ಟು, ನಾನು ಮೊದಲೇ ಬಡ್ಕೊಂಡೆ ಎಂದ ನರಸಿಂಹಯ್ಯ. ಅಮರಪ್ಪ ಒಂದನ್ನು ಬೆಳಕಿಗೆ ಹಿಡಿದ. ತಾಮ್ರ ನುಂಗಿದ್ದರೆ ಮೈಯೆಲ್ಲ ಮಬ್ಬಾಗಬೇಕಿತ್ತು. ಇದು ಹಾಗಲ್ಲ, ಪೋಣಿಸುವಾಗ ಎರಡು ಬೆರಳು ಹಿಡಿಯುವ ಜಾಗ. ಜಿಡ್ಡು ಕೂತಲ್ಲಿ ಬಂಗಾರ ಹಿಡಿಯುವುದಿಲ್ಲ. ಎದ್ದ ಬಂಗಾರದ ಅಂಚಿನಲ್ಲಿ ಹೆಬ್ಬೆಟ್ಟಿನ ಗೆರೆ, ಗೆರೆಗೆ ಅಡ್ಡವಾಗಿ ಒಂದು ಸೀಳು. ಆ ಸೀಳು ಅವನಿಗೆ ಗೊತ್ತಿತ್ತು.

"ನೀನೇನಂತೀಯೋ ಅಮರಪ್ಪ?" ರಾಜೇಂದ್ರ ಕೇಳಿದ.

ತಾಮ್ರದ ತಪ್ಪಿಲ್ಲ ಎಂದರೆ ತಪ್ಪು ಯಾರದೆಂದು ಕೇಳುತ್ತಾರೆ. ಬಸಕ್ಕನಿಗೆ ಕೈ ತೋರಿಸು ಎನ್ನುತ್ತಾರೆ. ಅಮರಪ್ಪ ಪಿನ್ನನ್ನು ಮುಷ್ಟಿಯೊಳಗೆ ಮುಚ್ಚಿದ.

"ನಿಕಲ್ಲೇ ಇರ್ಲಿ ಸರ," ಎಂದ.

ಸಂಜೆ ಕೋಣೆಯಲ್ಲಿ ಬಸಕ್ಕ ರೊಟ್ಟಿ ಬಡಿಯುತ್ತಿದ್ದಳು. ಎಷ್ಟೋ ತಿಂಗಳಾದ ಮೇಲೆ ಉರಿಯಿಲ್ಲದೆ ಹಿಟ್ಟು ಮುಟ್ಟಿದ್ದೇನೆ ಎಂದು ಎರಡೂ ಅಂಗೈ ಚಾಚಿದಳು. ಅವನು ಆ ಕೈಗಳನ್ನು ಹಿಡಿದುಕೊಂಡ. ನಾಳೆಯಿಂದ ಮತ್ತೆ ನಿಕಲ್ ಎಂದ. ಅವಳು ಕೈ ಬಿಡಿಸಿಕೊಂಡಳು. ಒಲೆಯ ಮೇಲಿನ ರೊಟ್ಟಿ ಮಗುಚಿದಳು.

"ಹಗಲು ಮುಲಾಮು ಹಚ್ಕೋಬ್ಯಾಡ," ಎಂದ ಅಮರಪ್ಪ.

"ಅದೂ ಬ್ಯಾಡೇನ್ರಿ?"

ಅವನು ಜೇಬಿನಿಂದ ಆ ಪಿನ್ನನ್ನು ತೆಗೆದು, ಹೆಬ್ಬೆಟ್ಟಿನ ಗುರುತು ಮೇಲಾಗಿ ಅವಳ ಅಂಗೈಗಿಟ್ಟ. ಬಸಕ್ಕ ಗೂಡಿನಲ್ಲಿದ್ದ ಮುಲಾಮಿನ ಕೊಳವೆಯನ್ನು ತೆಗೆದು, ಮುಚ್ಚಳ ಬಿಗಿಮಾಡಿ, ಟ್ರಂಕಿನ ಸೀರೆಗಳ ಅಡಿಗೆ ಇಟ್ಟಳು. ಆಮೇಲೆ ಉಳಿದ ಜಿಡ್ಡು ಹೋಗಲೆಂದು ಒಣ ಹಿಟ್ಟಿನಲ್ಲಿ ಕೈ ಉಜ್ಜಿಕೊಳ್ಳುತ್ತ ಕೂತಳು.