ಬನ್ನಿ ಹಿಡಕೊಂಡು ಬಂದ ಅಧ್ಯಕ್ಷ

ಬೆಳ್ಳಟ್ಟಿಯ ಮರಿಯವ್ವ ಸಣ್ಣಾಕಿದ್ದಾಗಿಂದ ತೊದಲ್ತಾಳ. ಆದರೂ ಪಂಚಾಯ್ತಿ ಇಲೆಕ್ಷನ್‌ಗೆ ನಿಂತಿದ್ದಳು. ಎದುರಾಳಿ ಹುಚ್ಚೀರಪ್ಪ ಮೈಕ್ ಹಿಡಿದು ಆಕಿ ತೊದಲನ್ನ ಅಣಕಿಸಿ ಊರನ್ನೆಲ್ಲಾ ನಗಿಸಿದ, ಗೆದ್ದ. ನಕ್ಕ ಊರಿಗೂ ನಾಚಿಕಿ ಇರಲಿಲ್ಲ ಬಿಡ್ರಿ.

ಈಗ ಅಂವ ಅಧ್ಯಕ್ಷ. ಮೊನ್ನೆ ಅಂವ ಅಣಕಿಸಿದ್ದ ಆ ಹಳೇ ವಿಡಿಯೋ ಮತ್ತ ಎಲ್ಲಾರ ಮೊಬೈಲಿಗೆ ಬಂತು. ಮಂದಿ ಛೀ ಥೂ ಅಂತ ಉಗದ್ರು. ಅಂವ ಭಾಳ ಶ್ಯಾಣ್ಯಾ. ದಸರಾ ಸಂಜಿ ಬನ್ನಿ ಎಲಿ ಹಿಡಕೊಂಡು, ವಿಡಿಯೋ ಮಾಡಾಕ ಅಳಿಯ ಗವಿಸಿದ್ದೇಶನ್ನ ಕರಕೊಂಡು, ಸೀದಾ ಮರಿಯವ್ವನ ಮನಿಗೆ ಬಂದ. ಆ ಸಂಜಿ ವೈರಿ ಬನ್ನಿ ಕೊಟ್ಟರೂ ಒಲ್ಲೆ ಅನ್ನಂಗಿಲ್ಲ, ಅದು ಅಂವಗ ಗೊತ್ತಿತ್ತು.

"ಯಾರಿಗಾರ ನೋವಾಗಿದ್ರ ಮಾಫ್ ಮಾಡ್ರಿ. ಬಂಗಾರದಂಗ ಇರೋಣು," ಅಂತ ಮೊಬೈಲ್ ಕಡೆ ನೋಡಿ ಅಂದ.

ಮರಿಯವ್ವ ಬನ್ನಿ ಇಸಗೊಂಡಳು. "ಅ... ಅವತ್ತು ನನ್ನ ಹೆಸರು ಹಿಡಿದು ನಗಿಸಿದ್ರಿ. ಇವತ್ತು ಯಾ... ಯಾರಿಗಾರ ಅಂತೀರಿ. ಬನ್ನಿ ಬಂತ್ರಿ. ಮಾ... ಮಾಫಿ ಇನ್ನೂ ಬಂದಿಲ್ಲ."

ಓಣಿಯೊಳಗ ಒಬ್ಬರೂ ನಗಲಿಲ್ಲ. ಹುಚ್ಚೀರಪ್ಪ ಕೈಚಾಚಿ ಅಳಿಯನ ಮೊಬೈಲ್ ಕೆಳಗಿಳಿಸಿದ. ತಲಿ ತಗ್ಗಿಸಿ ಬಾಯಿ ತೆರೆದ.

"ಮ... ಮ... ಮರಿಯವ್ವಾ..."

ಈ ಸಲ ಅಂವ ಅಣಕಿಸ್ತಿರಲಿಲ್ಲ.